ಸಾರಂಗ ಚಾಕು ಮೊಂಡಾದ ವರ್ಷ

ಆಗಸ್ಟ್ 18, ಸೋಮವಾರ

ಈ ನೋಟುಬುಕ್ಕನ್ನು ತಂದುಕೊಟ್ಟವಳು ನನ್ನ ಹೆಂಡತಿ ಸುಮಂಗಲಾ. "ಮುಂಜಾನೆ ಎದ್ದ ಕೂಡ್ಲೇ ನನ್ನ ತಲಿ ತಿನ್ನಬ್ಯಾಡ್ರಿ. ಏನ್ ಬೈಯೋದೈತಿ ಅದನ್ನೆಲ್ಲಾ ಇದರಾಗ ಬರೀರಿ" ಎಂದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ರೊಟ್ಟಿ ಬಡಿಯಲು ಹೋದಳು. ಪಿಯುಸಿವರೆಗೆ ಓದಿದವನು ನಾನು. ಬೈಯಲು ಅಷ್ಟು ಸಾಕು.

ಇವತ್ತಿನ ಬೈಗುಳ ಸಾರಂಗದವರಿಗೆ. ಪೀಣ್ಯದ ಸಾರಂಗ ಚಾಕು ಕಂಪನಿಯನ್ನು ಯಾರೋ ದೊಡ್ಡ ಕಾರ್ಪೊರೇಟಿನವರು ಕೊಂಡರಂತೆ. ಮಿಕ್ಸಿ, ಕುಕ್ಕರು, ನೀರು ಸೋಸುವ ಯಂತ್ರ ಎಲ್ಲವನ್ನೂ ಮಾಡುವವರು. ಚಾಕು ಒಂದು ಬಾಕಿ ಇತ್ತು. ಅವರ ಆಫೀಸು ವೈಟ್‌ಫೀಲ್ಡಿನಲ್ಲಿ. ಚಾಕು ಮಾಡುವುದು ಇಲ್ಲಿ, ಚಾಕುವಿನ ಯೋಚನೆ ಮಾಡುವುದು ಊರಿನ ಆ ತುದಿಯಲ್ಲಿ. ಹಳೆಯ ಮಾಲೀಕರಾದ ವಿಶ್ವನಾಥ್ ಸಾಹೇಬರಿಗೆ ವಯಸ್ಸಾಗಿತ್ತು, ಮಾರಿದರು. ಮಾರಲಿ, ಯಾರು ಬೇಡ ಅಂದರು. ಆದರೆ ಅಲಗಿನ ಮೇಲಿನ ಜಿಂಕೆಯ ಮುದ್ರೆಯನ್ನೂ ಜೊತೆಗೆ ಮಾರಿಬಿಟ್ಟರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ.

ರೋಣದಿಂದ ಬಂದು ಟಿ. ದಾಸರಹಳ್ಳಿಯ ಈ ಓಣಿಯಲ್ಲಿ ಖಾನಾವಳಿ ತೆರೆದಾಗ ಮೊದಲು ಕೊಂಡದ್ದು ಸಾರಂಗ ಚಾಕು, ಆಮೇಲೆ ಒಲೆ. ತೇಗದ ಹಿಡಿ, ಹಿತ್ತಾಳೆಯ ಮೊಳೆ. ರೊಟ್ಟಿ ಸುಮಂಗಲಾಳದು, ಉಳ್ಳಾಗಡ್ಡಿ ನನ್ನದು. ಮೊದಲಿನಿಂದಲೂ ನಮ್ಮಿಬ್ಬರ ಪಾಲು ಹೀಗೆಯೇ. ತಟ್ಟೆಯ ಮೂಲೆಯಲ್ಲಿ ಹಾಕುವ ಹಸಿ ಉಳ್ಳಾಗಡ್ಡಿ ಎಷ್ಟು ತೆಳ್ಳಗಿರಬೇಕೆಂದರೆ ಅದರ ಕೆಳಗಿನ ತಟ್ಟೆ ಕಾಣಬೇಕು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ದಾರಿಯ ನಾಲ್ಕು ಖಾನಾವಳಿ ದಾಟಿ ನಮ್ಮಲ್ಲಿಗೆ ಬರುವುದು ಸುಮ್ಮನೆ ಅಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ.

ಹೋದ ತಿಂಗಳು ಇನ್ನೊಂದಿರಲಿ ಎಂದು ಹೊಸ ಸಾರಂಗ ತಂದೆ. ಪ್ಲಾಸ್ಟಿಕ್ ಹಿಡಿ. ಟೊಮೆಟೊ ಮೇಲೆ ಇಟ್ಟರೆ ಹರಿಯುವುದಿಲ್ಲ, ಜಾರುತ್ತದೆ. ಹಳೆಯದೂ ಈಚೆಗೆ ಸ್ವಲ್ಪ ಮೊಂಡಾಗಿದೆ. ಅದಕ್ಕೆ ಚಿಂತೆಯಿಲ್ಲ, ಕಾರ್ಖಾನೆಯವರ ಸಾಣೆ ದಿನ ಹತ್ತಿರ ಬಂತು.


ಆಗಸ್ಟ್ 25, ಸೋಮವಾರ

ಗದಿಗೆಪ್ಪ ಊಟಕ್ಕೆ ಕುಳಿತವನು ಉಳ್ಳಾಗಡ್ಡಿಯ ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. ಲೇಥ್ ಮಷೀನಿನ ಮೇಲೆ ಕೆಲಸ ಮಾಡುವವನು, ಎಲ್ಲವನ್ನೂ ಅಳೆಯುವ ಚಟ. "ಕಾಕಾ, ಇದನ್ನ ಹೆಚ್ಚೀರೋ ಒಡದೀರೋ?" ಎಂದ. ನಾಲ್ಕು ಜನ ನಕ್ಕರು.

ಚಾಕುವಿನ ಸಂಗತಿ ಹೇಳಿದೆ. ಅವನೂ ಒಪ್ಪಿದ. "ಖರೇ ಐತ್ರಿ. ಸಾರಂಗ ಈಗ ಬರೇ ಹೆಸರು. ನಮ್ಮಾಕಿ ಹೊಸಾದು ತಂದಾಳ, ಬದನಿಕಾಯಿ ತೊಟ್ಟಿಗೇ ಅಲಗು ಬಾಗೇತಿ" ಎಂದ. ನೋಡಿದೆಯಾ ಎನ್ನುವಂತೆ ಸುಮಂಗಲಾಳ ಕಡೆ ತಿರುಗಿದೆ. ಅವಳು ನನ್ನ ಮುಖ ನೋಡಲಿಲ್ಲ, ಆ ಉಳ್ಳಾಗಡ್ಡಿ ತುಂಡನ್ನೇ ನೋಡುತ್ತಿದ್ದಳು.

ಸಂಜೆ ಚಹದ ಲೋಟ ಕೈಜಾರಿ ಬಿತ್ತು. ಈಗಿನ ಲೋಟಗಳೂ ಅಷ್ಟೇ. ಹಿಡಿಯಲು ಏನೂ ಇರುವುದಿಲ್ಲ.


ಸೆಪ್ಟೆಂಬರ್ 3, ಬುಧವಾರ

ಗಣಪತಿ ಹಬ್ಬಕ್ಕೆ ಕೊಂಡ ಅಂಗಿಯ ಕಾಜಾ ಸಣ್ಣವು. ಗುಂಡಿ ಹಾಕುವಷ್ಟರಲ್ಲಿ ಅರ್ಧ ಬೆಳಿಗ್ಗೆ ಹೋಗುತ್ತದೆ. ಸುಮಂಗಲಾ ಬಂದು ಹಾಕಿದಳು. ಆ ಅಂಗಡಿಯವನಿಗೆ ಬುದ್ಧಿಯಿಲ್ಲ.


ಸೆಪ್ಟೆಂಬರ್ 10, ಬುಧವಾರ

ಒಂದು ಹೊಸ ಸಂಗತಿ ಕಂಡುಹಿಡಿದಿದ್ದೇನೆ. ಮುಂಜಾನೆ ನಾನು ಹೆಚ್ಚಿಟ್ಟ ಉಳ್ಳಾಗಡ್ಡಿ ದಪ್ಪಗೆ ಕಂಡಿತ್ತು. ಬೇಜಾರಾಗಿ ಪರಾತದಲ್ಲಿ ಹಾಗೆಯೇ ಬಿಟ್ಟು ಕಾಯಿಪಲ್ಲೆ ತರಲು ಹೋದೆ. ಮಧ್ಯಾಹ್ನ ಬಂದು ನೋಡಿದರೆ ತಟ್ಟೆಗಳಲ್ಲಿ ಅದೇ ಉಳ್ಳಾಗಡ್ಡಿ ತೆಳ್ಳಗೆ, ಹೂವಿನ ಹಾಗೆ ಬಿಡಿಸಿಕೊಂಡಿದೆ. ಹೇಗೆ ಎಂದು ಕೇಳಿದ್ದಕ್ಕೆ ಸುಮಂಗಲಾ, "ತಣ್ಣೀರಾಗ ಹಾಕಿದ್ದೆ" ಎಂದಳು. ತಣ್ಣೀರಿನಲ್ಲಿ ಇಟ್ಟರೆ ಉಳ್ಳಾಗಡ್ಡಿಯ ಪದರು ಸಡಿಲವಾಗಿ ಸರಿಹೋಗುತ್ತದೆ ಎಂದು ಕಾಣುತ್ತದೆ. ಇಷ್ಟು ವರ್ಷ ಅಡಿಗೆ ಮಾಡಿದರೂ ಗೊತ್ತಿರಲಿಲ್ಲ.

ಗದಿಗೆಪ್ಪ ಬಾಯಿ ಮುಚ್ಚಿಕೊಂಡು ಉಂಡ. ನನಗೆ ಖುಷಿಯಾಯಿತು.


ಸೆಪ್ಟೆಂಬರ್ 19, ಶುಕ್ರವಾರ

ಈ ಪೆನ್ನು ಸರಿಯಿಲ್ಲ. ನಿನ್ನೆಯದೂ ಸರಿಯಿರಲಿಲ್ಲ. ಬರೆದರೆ ಅಕ್ಷರ ಗೆರೆ ಬಿಟ್ಟು ಕೆಳಗೆ ಇಳಿಯುತ್ತದೆ.

ಬೆಳಿಗ್ಗೆ ಏಳುವಾಗ ಬಲಗೈ ಜೋಮು ಹಿಡಿದಿರುತ್ತದೆ, ಹೆಬ್ಬೆರಳಿನಿಂದ ನಡುಬೆರಳಿನವರೆಗೆ. ಜಾಡಿಸಿದರೆ ಸ್ವಲ್ಪ ಹೊತ್ತಿಗೆ ಬಿಡುತ್ತದೆ. ಇದು ಹೊಸ ಚಾಕುವಿನ ಪ್ಲಾಸ್ಟಿಕ್ ಹಿಡಿಯ ಕಾಣಿಕೆ. ಒತ್ತಿ ಒತ್ತಿ ಹೆಚ್ಚಬೇಕಲ್ಲ, ಕೈಗೆ ಏನಾಗಬೇಡ. ದವಾಖಾನೆಗೆ ಹೋಗೋಣ ಎಂದಳು ಸುಮಂಗಲಾ. ಚಾಕು ಮೊಂಡಾದರೆ ಮನುಷ್ಯ ದವಾಖಾನೆಗೆ ಹೋಗಬೇಕಂತೆ. ಜೋರಾಗಿಯೇ ಬೈದೆ. ಊಟಕ್ಕೆ ಕುಳಿತವರು ತಲೆ ಎತ್ತಿ ನೋಡಿದರು.

ಬರುವ ವಾರ ಸಾಣೆ ದಿನ. ಹಳೆಯ ಚಾಕು ಸಾಣೆ ಹಿಡಿದು ಬಂದರೆ ಎಲ್ಲ ಸರಿಹೋಗುತ್ತದೆ.


ಸೆಪ್ಟೆಂಬರ್ 28, ಭಾನುವಾರ

ಪೀಣ್ಯಕ್ಕೆ ಹೋಗಿ ಬಂದೆ. ಮನಸ್ಸು ಹಗುರಾಗಿದೆ.

ಆಯುಧಪೂಜೆಗೆ ಮುಂಚಿನ ಭಾನುವಾರ ಸಾರಂಗ ಕಾರ್ಖಾನೆಯ ಗೇಟಿನಲ್ಲಿ ಸಾಣೆ ದಿನ. ಗಿರಾಕಿಗಳು ತಮ್ಮ ಹಳೆಯ ಚಾಕು ತಂದುಕೊಡಬೇಕು. ಅವರು ಪುಕ್ಕಟೆ ಸಾಣೆ ಹಿಡಿದು, ಸಾಣೆಯಂತ್ರದ ಮುಂದೆ ಎಲ್ಲವನ್ನೂ ಸಾಲಾಗಿ ಇಟ್ಟು ಪೂಜೆ ಮಾಡಿ, ಮರುದಿನ ಕುಂಕುಮ ಹಚ್ಚಿ ವಾಪಸು ಕೊಡುತ್ತಾರೆ. ಚೀಟಿ ಇಲ್ಲ, ಹೆಸರು ಇಲ್ಲ. ಹಿಡಿಗೆ ನಮ್ಮ ನಮ್ಮ ಮನೆಯ ಬಟ್ಟೆ ತುಂಡು ಕಟ್ಟಿರುತ್ತೇವೆ, ಅದೇ ಗುರುತು. ನನ್ನದು ಸುಮಂಗಲಾಳ ಹಸಿರು ಇಳಕಲ್ ಸೀರೆಯ ಅಂಚು. ಈವರೆಗೆ ಒಬ್ಬರ ಚಾಕು ಇನ್ನೊಬ್ಬರ ಮನೆಗೆ ಹೋಗಿಲ್ಲ.

ಈ ಸಲ ಗೇಟಿಗೆ ಬಲೂನು ಕಟ್ಟಿದ್ದರು, ಹಾಡು ಹಾಕಿದ್ದರು. ಒಂದೇ ಬಣ್ಣದ ಟೀ ಶರ್ಟಿನ ಹುಡುಗ ಹುಡುಗಿಯರು. ದೊಡ್ಡ ಬ್ಯಾನರೂ ಇತ್ತು, ಯಾರು ಓದುತ್ತಾರೆ, ನಮಗೆ ಗೊತ್ತಿಲ್ಲದ ದಿನವೇನು ಅದು? ಕುಂದಲಹಳ್ಳಿಯಿಂದ ಮರಿಯಮ್ಮಕ್ಕ ಬಂದಿದ್ದಳು. ಅಲ್ಲಿ ಮೀನು ಫ್ರೈ ಗಾಡಿ ಇಟ್ಟಿದ್ದಾಳೆ. ವರ್ಷಕ್ಕೊಮ್ಮೆ ಈ ಗೇಟಿನಲ್ಲಿಯೇ ನಮ್ಮ ಭೇಟಿ. "ಬಸಣ್ಣ, ಫೋನ್ ನಂಬರ್ರೂ ಕೇಳ್ತಾವ್ರೆ ಈ ಸಲ. ಕಾರ್ಪೊರೇಟ್ ಅಲ್ವಾ, ಲೆಕ್ಕ ಪಕ್ಕಾ" ಎಂದಳು. ನನಗೂ ಸರಿಯೆನಿಸಿತು. ಹೊಸಬರನ್ನು ಸುಮ್ಮನೆ ಬೈದೆನೇನೋ.


ಸೆಪ್ಟೆಂಬರ್ 29, ಸೋಮವಾರ

ಕಳ್ಳರು. ಹಗಲುಗಳ್ಳರು.

ಚಾಕು ತರಲು ಹೋದರೆ ಕೈಗೆ ರಟ್ಟಿನ ಡಬ್ಬಿ ಕೊಟ್ಟರು. ಒಳಗೆ ಹೊಸ ಸಾರಂಗ. "ನನ್ನ ಚಾಕು ಎಲ್ಲಿ ಐತಿ?" ಎಂದೆ. "ಎಕ್ಸ್‌ಚೇಂಜ್ ಆಫರ್ ಸಾರ್. ಹಳೇದು ಕೊಟ್ಟು ಹೊಸದು ತಗೊಂಡಿದೀರ. ಬ್ಯಾನರ್ ಅಲ್ಲಿ ಹಾಕಿದ್ವಲ್ಲ" ಎಂದಳು ಹುಡುಗಿ. ಖುಷಿಪಡಬೇಕಾದ ನಾನು ಯಾಕೆ ಕೂಗುತ್ತಿದ್ದೇನೆ ಎಂದು ಅವಳಿಗೆ ತಿಳಿಯಲಿಲ್ಲ. ಹಳೆಯವು ಗುಜರಿ ಲಾರಿಗೆ ಹೋದವಂತೆ.

ಗೇಟಿನ ಪಕ್ಕದ ಡ್ರಮ್ಮಿನಲ್ಲಿ ನಮ್ಮ ಬಟ್ಟೆ ತುಂಡುಗಳೆಲ್ಲ ಬಿದ್ದಿದ್ದವು. ಸೀರೆಯಂಚು, ಲುಂಗಿ ತುಂಡು, ಮಕ್ಕಳ ಫ್ರಾಕಿನ ಚೂರು. ಗಂಟು ಬಿಚ್ಚುವ ತಾಳ್ಮೆಯೂ ಇಲ್ಲದೆ ಕತ್ತರಿಸಿ ಹಾಕಿದ್ದರು. ಜನ ಬಗ್ಗಿ ತಮ್ಮ ತಮ್ಮದನ್ನು ಹುಡುಕುತ್ತಿದ್ದರು. ಮರಿಯಮ್ಮಕ್ಕನಿಗೆ ಅವಳದು ಸಿಕ್ಕಿತು. ಮಟನ್ ಅಂಗಡಿಯ ಸಿದ್ದರಾಜು, "ಇಂಗೂ ಮಾಡ್ತಾರಾ" ಎಂದು ಒಂದೇ ಮಾತು ಅಂದು ಡಬ್ಬಿ ಹಿಡಿದುಕೊಂಡು ನಿಂತಿದ್ದ. ನನ್ನದು ಸಿಗಲಿಲ್ಲ.

ತಪ್ಪು ನಮ್ಮದೂ ಇದೆ. ಬ್ಯಾನರು ಓದಬೇಕಿತ್ತು. ಆದರೆ ಪ್ರತಿ ವರ್ಷ ತವರಿಗೆ ಹೋಗುವವಳು ಬಾಗಿಲ ಮೇಲಿನ ಬೋರ್ಡು ಓದಿ ಒಳಗೆ ಹೋಗುತ್ತಾಳೆಯೇ?


ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಒಲೆ, ಹಿಟ್ಟು ನಾದುವ ಕೊಣಮಿಗೆ, ಒರಳು, ಸ್ಕೂಟರು. ಚಾಕು ಇಡುವ ಜಾಗ ಖಾಲಿ. ಹೊಸದನ್ನು ಇಡಲು ನಾನು ಬಿಡಲಿಲ್ಲ.

ಕುಂಬಳಕಾಯಿ ಒಡೆಯುವಾಗ ಕೈತಪ್ಪಿ ಕಾಲ ಹತ್ತಿರ ಬಿತ್ತು. ಸುಮಂಗಲಾ ಬಗ್ಗಿ ಚೂರುಗಳನ್ನು ಬದಿಗೆ ಸರಿಸಿದಳು. ಅದೇ ಹೆಚ್ಚು ಸಿಟ್ಟು ತರಿಸಿತು.


ಅಕ್ಟೋಬರ್ 7, ಮಂಗಳವಾರ

ಸೌತೆಕಾಯಿ ಹೆಚ್ಚುತ್ತಿದ್ದೆ. ಸುಮಂಗಲಾ ಓಡಿಬಂದು ಕೈ ಹಿಡಿದುಕೊಂಡಳು. ನೋಡಿದರೆ ಮಣೆಯ ಮೇಲೆ ರಕ್ತ. ಬಲಗೈಯ ತೋರುಬೆರಳಿಗೇ ಗಾಯ. ಚಾಕು ಕೈಯಲ್ಲಿ ತಿರುಗಿಬಿಟ್ಟಿತ್ತು. ನನಗೆ ನೋವೇ ಆಗಲಿಲ್ಲ. ಎಂಥ ಮೊಂಡು ಚಾಕು ಎಂದರೆ ಬೆರಳು ಹರಿದರೂ ಹರಿದದ್ದು ಗೊತ್ತಾಗುವುದಿಲ್ಲ.

ಎಡಗೈಯಿಂದ ಪಟ್ಟಿ ಕಟ್ಟಿಕೊಳ್ಳಲು ಹೋಗಿ ಆಗಲಿಲ್ಲ. ಅವಳೇ ಕಟ್ಟಿದಳು.

ನಿಂತಲ್ಲಿ ನಿಲ್ಲಲಾಗುವುದಿಲ್ಲ ಈಚೆಗೆ. ಅಡಿಗೆಮನೆಯಿಂದ ಗಲ್ಲಾ, ಗಲ್ಲಾದಿಂದ ಓಣಿ, ಓಣಿಯಿಂದ ಮತ್ತೆ ಅಡಿಗೆಮನೆ. "ಒಂದ್ಕಡೆ ಕುಂದರ್ರಿ, ನನಗ ತಲಿ ತಿರಗತೈತಿ" ಎನ್ನುತ್ತಾಳೆ.


ಅಕ್ಟೋಬರ್ 9, ಗುರುವಾರ

ಮರಿಯಮ್ಮಕ್ಕ ಫೋನು ಮಾಡಿದ್ದಳು. ಹೊಸ ಚಾಕು ಮೀನಿನ ಹುರುಪೆ ತೆಗೆಯುವುದರಲ್ಲಿಯೇ ಅಂಚು ಮಡಚಿಕೊಂಡಿತಂತೆ. ಸಿದ್ದರಾಜುವಿನದು ಎಲುಬಿಗೆ ತಾಗಿ ಚೂರೇ ಎದ್ದಿದೆ. "ಸುಮ್ನೆ ಇದ್ರೆ ಆಗಲ್ಲ ಬಸಣ್ಣ. ವೈಟ್‌ಫೀಲ್ಡ್ ಶೋರೂಮಿಗೇ ಹೋಗೋಣ. ಅವ್ರ ಕಣ್ಣೆದುರಿಗೇ ಕಟ್ ಮಾಡಿ ತೋರ್ಸೋಣ. ನೀವೇ ತೋರ್ಸಿ, ನಿಮ್ ಕೈ ಎಲ್ರಿಗೂ ಗೊತ್ತು" ಎಂದಳು. ನಮ್ಮ ಬೇಡಿಕೆ ಒಂದೇ: ಹೊಸದನ್ನು ತಗೊಳ್ಳಿ, ನಮ್ಮ ಹಳೆಯದನ್ನು ಕೊಡಿ.

ಈ ಕಡೆಯವರ ಚಾಕುಗಳನ್ನೆಲ್ಲ ಒಂದು ಬ್ಯಾಗಿನಲ್ಲಿ ತುಂಬಿದೆ. ಬಹಳ ದಿನದ ಮೇಲೆ ಒಂದು ಕೆಲಸ ಸಿಕ್ಕಂತಾಗಿದೆ.


ಅಕ್ಟೋಬರ್ 14, ಮಂಗಳವಾರ

ಬರೆಯಬಾರದು ಎಂದುಕೊಂಡಿದ್ದೆ. ಬರೆಯದೆ ಇರಲೂ ಆಗುತ್ತಿಲ್ಲ.

ಮೊದಲ ಎಡವಟ್ಟು ದಾಸರಹಳ್ಳಿ ಮೆಟ್ರೋದಲ್ಲಿ. ಬ್ಯಾಗು ಯಂತ್ರದೊಳಗೆ ಹೋಯಿತು, ಯಂತ್ರ ನಿಂತಿತು. ಪರದೆಯ ಮೇಲೆ ಚಾಕುವಿನ ಮೇಲೆ ಚಾಕು. ಸೆಕ್ಯೂರಿಟಿಯವಳು ನನ್ನ ಮುಖವನ್ನೂ ಪರದೆಯನ್ನೂ ಎರಡು ಸಲ ನೋಡಿದಳು. "ಏನ್ ಸಾರ್ ಇದು, ಎಲ್ಲಿಗ್ ಹೊರಟ್ರಿ?" "ಕಂಪ್ಲೇಂಟ್ ಕೊಡಾಕ್ರಿ." "ಯಾರ್ ಮೇಲೆ?" ಹಿಂದೆ ಸಾಲಿನಲ್ಲಿ ನಿಂತವರು ದೂರ ಸರಿದರು. ಮೊಂಡು ಚಾಕು, ಉಳ್ಳಾಗಡ್ಡಿಯೂ ಹರಿಯುವುದಿಲ್ಲ ಎಂದು ಎಷ್ಟು ಹೇಳಿದರೂ ಬಿಡಲಿಲ್ಲ. ಬಸ್ಸು ಹಿಡಿದು ಮೆಜೆಸ್ಟಿಕ್, ಅಲ್ಲಿಂದ 335-ಇ. ವೈಟ್‌ಫೀಲ್ಡ್ ಮುಟ್ಟುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು.

ಟೆಕ್ ಪಾರ್ಕಿನ ಕೆಳಮಹಡಿಯಲ್ಲಿ ಶೋರೂಮು. ಮರಿಯಮ್ಮಕ್ಕ ಮೊದಲೇ ಬಂದಿದ್ದಳು. ಅಲ್ಲಿನ ಕೃಪಾ ಎಂಬ ಹುಡುಗಿ ನೀರು ಕೊಟ್ಟು ಕೂರಿಸಿದಳು. ಮೇಲಿನಿಂದ ಶಶಿಕುಮಾರ್ ಎಂಬ ಅಧಿಕಾರಿ ಬಂದ. ನಯವಾದ ಮನುಷ್ಯ, ಮಾತಿಗೆ ಮುಂಚೆ ಸಾರಿ ಕೇಳುತ್ತಾನೆ. ಗಿರಾಕಿಗಳಿಗೆ ತೋರಿಸಲು ಅಲ್ಲಿಯೇ ಒಂದು ಕಟ್ಟೆ, ಮಣೆ ಇತ್ತು. ಉಳ್ಳಾಗಡ್ಡಿ ತರಿಸಿದರು. "ತೋರ್ಸಿ ಸಾರ್, ನಾವೂ ಕಲೀತೀವಿ" ಎಂದ. ಕೃಪಾ ಫೋನು ಹಿಡಿದು ವಿಡಿಯೋ ಮಾಡಿಕೊಂಡಳು.

ಹೊಸ ಚಾಕುವಿನಿಂದ ಹೆಚ್ಚಿದೆ. ಉಳ್ಳಾಗಡ್ಡಿ ನುಜ್ಜುಗುಜ್ಜಾಯಿತು. ನೋಡಿದಿರಾ ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿ, ನಮ್ಮ ಪರಂಪರೆ ಎಂದು ಬರೆದು, ಒಂದು ಹಳೆಯ ಸಾರಂಗ ನೇತುಹಾಕಿದ್ದರು. ತೇಗದ ಹಿಡಿ, ಹಿತ್ತಾಳೆಯ ಮೊಳೆ. "ಅದನ್ನ ಕೊಡ್ರಿ ಇಲ್ಲೆ. ಸಾರಂಗ ಅಂದ್ರ ಏನಂತ ತೋರಿಸ್ತೀನಿ" ಎಂದೆ. ತೆಗೆದುಕೊಟ್ಟರು.

ಅದೂ ಜಾರಿತು. ಇನ್ನೊಮ್ಮೆ ಇಟ್ಟೆ. ಉಳ್ಳಾಗಡ್ಡಿ ಕಟ್ಟೆಯಿಂದ ಉರುಳಿ ಕೆಳಗೆ ಬಿದ್ದು ಶಶಿಕುಮಾರನ ಬೂಟಿನ ಹತ್ತಿರ ನಿಂತಿತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಯಾವ ಅಲಗಾದರೂ ಸಾಯುತ್ತದೆ. ಹಾಗೆಂದು ಹೇಳಿದೆ ಕೂಡ.

ಮರಿಯಮ್ಮಕ್ಕ ನನ್ನ ಕೈಯಿಂದ ಚಾಕು ತೆಗೆದುಕೊಂಡು ಇನ್ನೊಂದು ಉಳ್ಳಾಗಡ್ಡಿ ಹೆಚ್ಚಿದಳು. ಕೆಳಗಿನ ಮಣೆ ಕಾಣುವಷ್ಟು ತೆಳ್ಳಗೆ. ಹೊಸದರಿಂದಲೂ ಪ್ರಯತ್ನಿಸಿದಳು, ಅದು ಅವಳಿಗೂ ಹರಿಯಲಿಲ್ಲ. ಅಷ್ಟೊತ್ತಿಗೆ ವಿಡಿಯೋ ನಿಂತಿತ್ತು. ಅವಳು ಮೀನು ಕೊಯ್ಯುವವಳು, ಕೈಯ ಒತ್ತಡವೇ ಬೇರೆ. ದೂರು ಬರೆಸಿ, ಚಾಕುಗಳ ಬ್ಯಾಗನ್ನು ಪರಿಶೀಲನೆಗೆಂದು ಅಲ್ಲೇ ಬಿಟ್ಟು ಬಂದೆವು.

ಕುಂದಲಹಳ್ಳಿಯ ಬಸ್‌ಸ್ಟಾಪಿನಲ್ಲಿ ಅವಳು ಮೆಲ್ಲಗೆ, "ಬಸಣ್ಣ, ಕೈ ತೋರ್ಸಿ" ಎಂದಳು.

"ಯಾಕ?"

"ಸುಮ್ನೆ. ಎಷ್ಟ್ ದಿನದಿಂದ ಹಿಂಗೆ?"

ಬಂದ ಬಸ್ಸು ಹತ್ತಿಬಿಟ್ಟೆ. ಅದು ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸಲ್ಲ, ಸಿಲ್ಕ್ ಬೋರ್ಡಿಗೆ ಹೋಗುವುದು. ಇಳಿಯಲಿಲ್ಲ.


ಅಕ್ಟೋಬರ್ 15, ಬುಧವಾರ

ಏನೂ ಇಲ್ಲ.


ಅಕ್ಟೋಬರ್ 17, ಶುಕ್ರವಾರ

ಕಂಪನಿಯಿಂದ ಎಲ್ಲರ ಫೋನಿಗೂ ಉತ್ತರ ಬಂತು. ಪರಿಶೀಲಿಸಿದ್ದಾರಂತೆ. ಚಾಕುವಿನಲ್ಲಿ ದೋಷವಿಲ್ಲ, ಬಳಸುವ ರೀತಿಯಲ್ಲಿ ದೋಷ. ದೂರುದಾರರಿಗೆ ಹಳೆಯ ಮಾದರಿಯಿಂದಲೂ ಹೆಚ್ಚಲು ಆಗಲಿಲ್ಲ ಎಂಬುದಕ್ಕೆ ವಿಡಿಯೋ ಇದೆ. ದೂರು ಮುಕ್ತಾಯ.

ಮರಿಯಮ್ಮಕ್ಕ ಮತ್ತೆ ಫೋನು ಮಾಡಿದಳು. ಬೈಯಲಿಲ್ಲ. "ನೀವೊಂದ್ ಮಾತು ಹೇಳ್ಬೇಕು ಬಸಣ್ಣ. ಕೈ ನಂದು ಸರಿಯಿಲ್ಲ, ಚಾಕುನ ಬೇರೆಯವ್ರ ಕೈಲಿ ನೋಡಿ ಅಂತ. ಇಲ್ಲಾಂದ್ರೆ ನಾವೆಲ್ಲಾ ಸುಳ್ಳು ಹೇಳ್ದಂಗಾಯ್ತು" ಎಂದಳು. ನನ್ನ ಕೈಗೆ ಏನೂ ಆಗಿಲ್ಲ ಎಂದು ಇಟ್ಟುಬಿಟ್ಟೆ.

ಇಟ್ಟ ಮೇಲೆ ಓಣಿಯ ತುದಿಯವರೆಗೆ ನಡೆದೆ. ವಾಪಸು ಬಂದೆ. ಮತ್ತೆ ಹೋದೆ. ಆಗಿಲ್ಲ ಎಂದರೆ ಆಗಿಲ್ಲ.


ಅಕ್ಟೋಬರ್ 19, ಭಾನುವಾರ

ಸಿದ್ದರಾಜು ಎದುರಿಗೆ ಸಿಕ್ಕ. ಕೈ ಎತ್ತಿ ನಮಸ್ಕಾರ ಮಾಡಿ, ನಿಲ್ಲದೆ ಹೋದ. ಅವನ ಚಾಕು ನನ್ನಿಂದ ಹೋಗಲಿಲ್ಲ. ಆದರೆ ಅವನ ಮಾತು ಸುಳ್ಳಾದದ್ದು ನನ್ನಿಂದ. ಅದು ಕೊರೆಯುತ್ತಿದೆ.

ಕೈಗೆ ಏನಾದರೂ ಆಗಿದ್ದರೆ ನಾನು ಯಾರು? ರೊಟ್ಟಿ ಬಡಿಯಲು ಬರುವುದಿಲ್ಲ. ಗಲ್ಲಾದಲ್ಲಿ ಯಾರು ಬೇಕಾದರೂ ಕೂರಬಹುದು. ಉಳ್ಳಾಗಡ್ಡಿ ಇಲ್ಲದ ಬಸಲಿಂಗನಿಗೆ ಅಡಿಗೆಮನೆಯಲ್ಲಿ ಏನು ಕೆಲಸ? ಹೆದರಿಕೆ ಆಗುತ್ತದೆ. ಬರೆಯಲು ಅಡ್ಡಿಯಿಲ್ಲ, ಯಾರೂ ಓದುವುದಿಲ್ಲ.


ಅಕ್ಟೋಬರ್ 23, ಗುರುವಾರ

ದೀಪಾವಳಿ ಮುಗಿಯಿತು. ಬೆಳಿಗ್ಗೆ ನಾನೇ ಮರಿಯಮ್ಮಕ್ಕನಿಗೆ ಫೋನು ಮಾಡಿದೆ. ಸುಮಂಗಲಾ ಖಾನಾವಳಿಗೆ ಬೀಗ ಹಾಕಿ ಜೊತೆಗೆ ಬಂದಳು. ಈ ಸಲ ಚಾಕು ಇರಲಿಲ್ಲ, ಮೆಟ್ರೋದಲ್ಲಿಯೇ ಹೋದೆವು. ಎಡಗೈಯಲ್ಲಿ ಕಂಬ ಹಿಡಿದು ನಿಂತಿದ್ದೆ. ಅವಳು ಬಲಗಡೆ ನಿಂತಿದ್ದಳು, ಬೇಕೆಂತಲೇ ಇರಬೇಕು.

ಶಶಿಕುಮಾರ್ ಮೇಲಿನ ಕೋಣೆಗೆ ಕರೆದ. ಸಿದ್ದರಾಜು, ಮರಿಯಮ್ಮಕ್ಕ, ಇನ್ನೂ ಕೆಲವರು ಗೋಡೆಗೆ ಒರಗಿ ನಿಂತಿದ್ದರು. "ಸಾರ್, ನಾನು ಮೇಲಿನವ್ರಿಗೆ ಏನ್ ಹೇಳ್ಲಿ? ನಿಮ್ಗೆ ಹಳೇದ್ರಲ್ಲೂ ಕಟ್ ಆಗ್ಲಿಲ್ವಲ್ಲ" ಎಂದ.

ಎಲ್ಲರೂ ನನ್ನನ್ನು ನೋಡಿದರು.

"ನನ್ನ ಕೈ ಹೋಗೇತ್ರಿ" ಎಂದೆ. "ಮಳಿಗಾಲದಿಂದನೂ ಹಿಂಗೈತಿ. ಬಟ್ಲು ಹಿಡಿಯಾಕ ಬರೂದಿಲ್ಲ, ಗುಂಡಿ ಹಾಕಾಕ ಬರೂದಿಲ್ಲ. ಆ ವಿಡಿಯೋದಾಗ ಸೋತದ್ದು ಚಾಕು ಅಲ್ರಿ, ನಾನು. ಅಕ್ಕನ ಕೈಯಾಗ ಎರಡೂ ಚಾಕು ಕೊಟ್ಟು ನೋಡ್ರಿ. ಆಮ್ಯಾಲೆ ಬರೀರಿ, ದೋಷ ಯಾರದಂತ."

ಕೆಳಗಿನಿಂದ ಮಣೆ, ಉಳ್ಳಾಗಡ್ಡಿ, ಎರಡೂ ಚಾಕು ತರಿಸಿದರು. ಮರಿಯಮ್ಮಕ್ಕ ಹೆಚ್ಚಿ ತೋರಿಸಿದಳು. ಸಿದ್ದರಾಜು ಹೆಚ್ಚಿ ತೋರಿಸಿದ. ಕೃಪಾ ಈ ಸಲ ಕೊನೆಯವರೆಗೂ ವಿಡಿಯೋ ತೆಗೆದಳು. ಶಶಿಕುಮಾರ್ ಹೊಸ ಚಾಕುವನ್ನು ಕೈಗೆತ್ತಿಕೊಂಡು ತಾನೂ ಒಂದು ಉಳ್ಳಾಗಡ್ಡಿಯ ಮೇಲೆ ಎಳೆದ, ಇಟ್ಟುಬಿಟ್ಟ. "ನಮ್ಮಮ್ಮ ಮನೇಲಿ ಹಳೇ ಸಾರಂಗಾನೇ ಇಟ್ಕೊಂಡಿರೋದು ಅಕ್ಕ. ಹೊಸದು ಕೊಟ್ರೆ ಮುಟ್ಟಲ್ಲ" ಎಂದು ಮರಿಯಮ್ಮಕ್ಕನಿಗೆ ಹೇಳಿದ. ದೂರು ನಿಜವೆಂದು ಬರೆಯುತ್ತೇನೆ, ಹೊಸವನ್ನು ವಾಪಸು ತೆಗೆದುಕೊಳ್ಳುತ್ತೇವೆ ಎಂದ.

"ನಮ್ ಹಳೇವು?" ಎಂದಳು ಮರಿಯಮ್ಮಕ್ಕ.

"ಅವು ಕರಗಿ ಹೋದ್ವು ಅಕ್ಕ. ಆ ವಾರನೇ."

ಯಾರೂ ಜಗಳ ಮಾಡಲಿಲ್ಲ. ಜಗಳಕ್ಕೆ ಏನೂ ಉಳಿದಿರಲಿಲ್ಲ. ಸಾಣೆ ದಿನ ಇನ್ನು ಇರುತ್ತದೆಯೇ ಎಂದು ಸಿದ್ದರಾಜು ಕೇಳಿದ. ಶಶಿಕುಮಾರ್ ಇಲ್ಲ ಎಂದು ತಲೆಯಾಡಿಸಿದ. ಒಬ್ಬೊಬ್ಬರಾಗಿ ಹೊರಗೆ ಬಂದೆವು. ಟೆಕ್ ಪಾರ್ಕಿನ ಮೆಟ್ಟಿಲ ಮೇಲೆ ಕುಳಿತು ನಾನು ಅತ್ತೆ. ಸಿದ್ದರಾಜು ಹೆಗಲ ಮೇಲೆ ಕೈ ಇಟ್ಟು, "ಓಗ್ಲಿ ಬಿಡಣ್ಣ" ಎಂದ. ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗರು ನಮ್ಮನ್ನು ಸುತ್ತಿ ದಾಟಿಹೋದರು. ನಾಚಿಕೆಯಾಗಲಿಲ್ಲ.


ಅಕ್ಟೋಬರ್ 27, ಸೋಮವಾರ

ಶನಿವಾರ ದವಾಖಾನೆಗೆ ಹೋಗಿದ್ದೆವು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆಯಂತೆ. ಬೇಗ ಬಂದಿದ್ದರೆ ಪಟ್ಟಿ ಕಟ್ಟಿ ನೋಡಬಹುದಿತ್ತು, ಈಗ ಸಣ್ಣ ಆಪರೇಷನ್ ಆಗಬೇಕು. ಮೊದಲಿನ ಹಾಗೆ ಆಗುತ್ತದೆಯೇ ಎಂದು ಕೇಳಿದೆ. ಡಾಕ್ಟರು ನೋಡೋಣ ಎಂದರು. ಇಷ್ಟನ್ನು ಬರೆಯಲು ಬಹಳ ಹೊತ್ತು ಹಿಡಿಯಿತು. ಪೆನ್ನಿನ ತಪ್ಪಲ್ಲ.

ಇವತ್ತು ಮುಂಜಾನೆ ಸುಮಂಗಲಾಳಿಗೆ, "ಇನ್ನ ಮ್ಯಾಲೆ ಉಳ್ಳಾಗಡ್ಡಿ ನೀನ ಹೆಚ್ಚು" ಎಂದೆ. ಅವಳು ಹೂಂ ಎಂದು ಒಲೆಯ ಹಿಂದಿನಿಂದ ತವರಿನ ಈಳಿಗೆ ಮಣೆ ಎಳೆದು ಕುಳಿತಳು. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಉಳ್ಳಾಗಡ್ಡಿ ಹಿಡಿದು ಸರಸರ ಎಳೆಯತೊಡಗಿದಳು. ನಾನು ನಿಂತು ನೋಡಿದೆ. ತೆಳ್ಳಗೆ, ಒಂದೇ ಸಮ. ಹೊಸದಾಗಿ ಕಲಿತವರ ಕೈ ಅದಲ್ಲ.

"ಯಾವಾಗಿನಿಂದ?" ಎಂದೆ.

"ಗಣಪತಿ ಹಬ್ಬದಿಂದ್ರಿ." ಅವಳು ತಲೆ ಎತ್ತಲಿಲ್ಲ. "ನೀವು ಸಂತಿಗೆ ಹೋದ ಮ್ಯಾಲೆ ಹೆಚ್ಚತಿದ್ದೆ. ನಿಮ್ಮವು ಒಗ್ಗರಣಿಗೆ ಹಾಕತಿದ್ದೆ."

ತಣ್ಣೀರು ಎಂದು ನಂಬಿದ್ದೆನಲ್ಲ ಎಂದು ನಗು ಬಂತು, ಸಿಟ್ಟೂ ಬಂತು. "ಒಂದ್ ಮಾತು ಹೇಳಬಾರದಿತ್ತೇನು?"

"ಹೇಳಿದ್ರ ನೀವು ಅಡಿಗಿಮನಿಗೆ ಬರೂದು ಬಿಡತಿದ್ರಿ."

ಹೊರಗೆ ಮೊದಲ ಪಾಳಿಯವರು ಊಟಕ್ಕೆ ಬಂದು ಬೆಂಚು ಎಳೆಯುತ್ತಿದ್ದರು. ನಾನು ಅವಳ ಪಕ್ಕದಲ್ಲಿ ಕುಳಿತೆ. ಅವಳು ಹೆಚ್ಚಿ ಹೆಚ್ಚಿ ಹಾಕಿದಳು. ನಾನು ಎಡಗೈಯಿಂದ ತಟ್ಟೆಗಳಿಗೆ ಇಟ್ಟೆ.